ಮೊದಲು ಚುಚ್ಚುಮದ್ದು, ಆಮೇಲೆ ಬಿಸ್ಕತ್ತು

ನಾಯಿ ಸಾಕುವುದು ದುಡ್ಡಿದ್ದವರ ಶೋಕಿ ಎನ್ನುವವರು ಪೆಟ್ ಶಾಪಿನ ಕಪಾಟಿನಲ್ಲಿರುವುದನ್ನೆಲ್ಲ ಲೆಕ್ಕಕ್ಕೆ ಹಿಡಿದಿರುತ್ತಾರೆ. ಮೆತ್ತನೆ ಹಾಸಿಗೆ, ಆಮದು ಬಿಸ್ಕತ್ತು, ಚಳಿಗಾಲದ ಅಂಗಿ, ಪರಿಮಳದ ಶಾಂಪೂ. ಇವುಗಳಲ್ಲಿ ಮುಕ್ಕಾಲು ಪಾಲು ನಾಯಿಗೆ ಬೇಕಾಗಿಯೇ ಇಲ್ಲ. ಇನ್ನೊಂದು ಬಗೆಯವರಿದ್ದಾರೆ: 'ನಾಯಿಗೇನ್ರೀ ಖರ್ಚು, ಉಳಿದ ಅನ್ನ ಹಾಕಿದರೆ ಬಾಗಿಲಲ್ಲಿ ಬಿದ್ದಿರುತ್ತೆ.' ಇವರ ಲೆಕ್ಕ ಇನ್ನೂ ಅಪಾಯಕಾರಿ. ಎಂಟು–ಹತ್ತು ಕಿಲೊ ತೂಗುವ ಒಂದು ನಾಯಿಯನ್ನು ತಿಂಗಳಿಗೆ ಎರಡು ಸಾವಿರದ ಆಸುಪಾಸಿನಲ್ಲಿ ಚೆನ್ನಾಗಿಯೇ ಸಾಕಬಹುದು ಎನ್ನುವುದು ನನ್ನ ಅಂದಾಜು. ಆದರೆ ಆ ದುಡ್ಡು ಯಾವುದಕ್ಕೆ ಮೊದಲು ಹೋಗುತ್ತದೆ, ಯಾವುದಕ್ಕೆ ಕೊನೆಗೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ತರುವ ಮುನ್ನ

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಬಾಯಿಮಾತಿನ 'ಪರವಾಗಿಲ್ಲ ಬಿಡಿ' ಮೊದಲ ರಾತ್ರಿ ಬೊಗಳುವವರೆಗೆ ಮಾತ್ರ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಾಯಿಯ ಜೊತೆ ಹೊರಗೆ ಹೋಗುವವರು ಯಾರು ಎಂದು ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. 'ನಾವೆಲ್ಲ ನೋಡ್ಕೋತೀವಿ' ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಒಬ್ಬರ ಹೆಸರು ಗೊತ್ತಾಗಲಿ.

ಯಾವ ನಾಯಿ? ಖರ್ಚು ಕಡಿಮೆ ಇರಬೇಕೆಂದರೆ ಉತ್ತರ ಸುಲಭ: ನಮ್ಮ ನಾಟಿ ನಾಯಿ. ಗಿಡ್ಡ ಕೂದಲು, ಈ ಬಿಸಿಲಿಗೆ ಒಗ್ಗಿದ ಮೈ, ಚರ್ಮದ ತಂಟೆ ಕಡಿಮೆ. ಕಲಬುರಗಿಯ ಮೇ ತಿಂಗಳಲ್ಲಿ ಹಸ್ಕಿ ಸಾಕುವವರು ಏಸಿಯ ಬಿಲ್ಲನ್ನೂ ಸಾಕಬೇಕಾಗುತ್ತದೆ. ಪಗ್‌ಗಳ ಚಪ್ಪಟೆ ಮೂಗು ನೋಡಲು ಮುದ್ದು, ಉಸಿರಾಡಲು ಕಷ್ಟ. ಮುಧೋಳ ನಮ್ಮ ಹೆಮ್ಮೆಯ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿತು. ಆದರೆ ಅದು ಓಡಲೆಂದೇ ಹುಟ್ಟಿದ ಬೇಟೆನಾಯಿ. ಬಯಲಿದ್ದರೆ, ಹೊಲವಿದ್ದರೆ ತನ್ನಿ. ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ತಂದು ಕಟ್ಟಬೇಡಿ.

ಜಾತಿ ನಾಯಿಯ ಹಂಬಲವಿದ್ದವರು '777 ಚಾರ್ಲಿ' ಚಿತ್ರವನ್ನು ಇನ್ನೊಮ್ಮೆ ನೋಡಲಿ. 2022ರಲ್ಲಿ ಅದನ್ನು ನೋಡಿ ಅತ್ತವರಲ್ಲಿ ಹಲವರು ಲ್ಯಾಬ್ರಡಾರ್ ಮರಿ ಎಲ್ಲಿ ಸಿಗುತ್ತದೆಂದು ವಿಚಾರಿಸತೊಡಗಿದ್ದು ನನಗೆ ಈಗಲೂ ಸೋಜಿಗ. ಮರಿಗಳನ್ನು ದುಡ್ಡಿಗಾಗಿ ಹುಟ್ಟಿಸುವವರ ಕ್ರೌರ್ಯವೇ ಆ ಕಥೆಯ ಬೇರು. ಮರಿ ಕೊಳ್ಳುವ ಬದಲು ದತ್ತು ಪಡೆಯಲು ಬೆಂಗಳೂರಿನ ಕ್ಯೂಪಾ, ಮಂಗಳೂರು ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್‌ನಂಥ ಪ್ರಾಣಿ ರಕ್ಷಣಾ ಸಂಸ್ಥೆಗಳಲ್ಲಿ ವಿಚಾರಿಸಿ. ಬೀದಿಯ ಮರಿಯಾದರೆ ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ. ಬೇಗ ಬಿಡಿಸಿದ ಮರಿ ಕಚ್ಚುವುದರ ಮಿತಿಯನ್ನೇ ಕಲಿತಿರುವುದಿಲ್ಲ.

ಮೊದಲ ವಾರ: ಪಶು ಆಸ್ಪತ್ರೆ

ಕೊರಳಪಟ್ಟಿ ಕೊಳ್ಳುವ ಮುನ್ನ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆ ಎಲ್ಲಿದೆ ಎಂದು ನೋಡಿಕೊಂಡು ಬನ್ನಿ. ಹಸು, ಎಮ್ಮೆ, ಕುರಿಗಷ್ಟೇ ಎಂದು ಹಲವರು ತಿಳಿದಿದ್ದಾರೆ. ನಾಯಿಯನ್ನೂ ನೋಡುತ್ತಾರೆ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು, ಆಮೇಲೆ ಡಾಕ್ಟರು ಹಳ್ಳಿಗಳ ಕಡೆ ಹೊರಟುಬಿಡಬಹುದು. ಪಶುವೈದ್ಯಕೀಯ ಕಾಲೇಜು ಇರುವ ಊರಿನವರು, ಅಂದರೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದ ಸುತ್ತಮುತ್ತಲಿನವರು ಪುಣ್ಯವಂತರು. ಅಲ್ಲಿಯ ಬೋಧನಾ ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್, ಶಸ್ತ್ರಚಿಕಿತ್ಸೆಗಳಿಗೆ ಖಾಸಗಿ ಕ್ಲಿನಿಕ್ಕುಗಳಿಗಿಂತ ಬಹಳ ಕಡಿಮೆ ಖರ್ಚಾಗುತ್ತದೆ. ಸರದಿಯಲ್ಲಿ ಕಾಯುವ ತಾಳ್ಮೆ ಬೇಕು, ಅಷ್ಟೆ.

ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳ ಸಂಯುಕ್ತ ಲಸಿಕೆ ಶುರುವಾಗಬೇಕು. ಮೂರು–ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರ ತುಂಬುವವರೆಗೆ ಮುಂದುವರಿಯಬೇಕು. ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು, ಡಾಕ್ಟರು ಹೇಳಿದಾಗ ಬೂಸ್ಟರ್, ಅಲ್ಲಿಂದ ಮುಂದೆ ವರ್ಷಕ್ಕೊಂದು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ದಿನಗಳಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುವುದುಂಟು. ಮರಿಗೆ ಮೂರು ತಿಂಗಳಾದದ್ದು ಮಾರ್ಚಿನಲ್ಲಾದರೆ ಸೆಪ್ಟೆಂಬರಿನವರೆಗೆ ಕಾಯಬೇಡಿ, ಅಷ್ಟೆ.

ಲಸಿಕೆ ಆಸ್ಪತ್ರೆಯಲ್ಲಿ ಮುಗಿದು ಹೊರಗೆ ಮೆಡಿಕಲ್ ಸ್ಟೋರಿಗೆ ಚೀಟಿ ಬರೆದುಕೊಟ್ಟರೆ ಒಂದು ಥರ್ಮಾಸಿನಲ್ಲಿ ಐಸ್ ತುಂಬಿಕೊಂಡು ಹೋಗಿ. ಲಸಿಕೆ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲೇ ಇರಬೇಕು. ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಅರ್ಧ ಗಂಟೆ ತಿರುಗಿದ ಬಾಟಲಿ ಚುಚ್ಚಿಸಿದರೂ ಒಂದೇ, ಬಿಟ್ಟರೂ ಒಂದೇ. ಬಾಟಲಿಯ ಮೇಲಿನ ಬ್ಯಾಚ್ ನಂಬರಿನ ಚೀಟಿಯನ್ನು ಲಸಿಕೆ ಕಾರ್ಡಿಗೆ ಅಂಟಿಸಿ ಸಹಿ ಹಾಕಿಸಿಕೊಳ್ಳಿ. ನಾಳೆ ನಿಮ್ಮ ನಾಯಿ ಯಾರದ್ದೋ ಮಗುವನ್ನು ಕಚ್ಚಿದರೆ ಕೇಳುವ ಮೊದಲ ಕಾಗದ ಅದೇ.

ಜಂತುಹುಳುವಿನ ಮಾತ್ರೆ ಅಗ್ಗ, ಆದರೂ ಮರೆತುಹೋಗುವುದು ಇದೇ. ಮರಿಗೆ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ತೂಕಕ್ಕೆ ತಕ್ಕಂತೆ ಮಾತ್ರೆಯ ಪ್ರಮಾಣ. ನಾಯಿ ತಕ್ಕಡಿಯ ಮೇಲೆ ನಿಲ್ಲದಿದ್ದರೆ ಅದನ್ನು ಎತ್ತಿಕೊಂಡು ನೀವು ನಿಲ್ಲಿ, ಆಮೇಲೆ ನಿಮ್ಮ ತೂಕ ಕಳೆಯಿರಿ.

ಸಂಯುಕ್ತ ಲಸಿಕೆಯ ದುಡ್ಡು ಉಳಿಸಿದವರಿಗೆ ಪಾರ್ವೊ ಬಡ್ಡಿ ಸಮೇತ ವಸೂಲು ಮಾಡುತ್ತದೆ. ವಾಂತಿ, ಕೆಟ್ಟ ವಾಸನೆಯ ರಕ್ತಭೇದಿ, ದಿನಗಟ್ಟಲೆ ಡ್ರಿಪ್. ಆಮೇಲೂ ಮರಿ ಉಳಿಯುವ ಖಾತ್ರಿಯಿಲ್ಲ. ಆ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಪಾರ್ವೊದಿಂದ ಮರಿ ಸತ್ತ ಮನೆಗೆ ಲಸಿಕೆ ಮುಗಿಯದ ಇನ್ನೊಂದು ಮರಿಯನ್ನು ತರಬಾರದು.

ಒಲೆಯ ಮೇಲಿನ ಪಾತ್ರೆ

ಹಾಲು–ಅನ್ನ ನಾಯಿಯ ಊಟವಲ್ಲ. ಬೆಳೆದ ನಾಯಿಗಳಿಗೆ ಹಾಲು ಅರಗದೆ ಭೇದಿಯಾಗುವುದು ಸಾಮಾನ್ಯ. ಅನ್ನದಿಂದ ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದ ಪ್ರೋಟೀನು ಸಿಗುವುದಿಲ್ಲ. ನಮ್ಮ ಸಾರು–ಹುಳಿಯ ಎಂಜಲಂತೂ ಉಪ್ಪು, ಖಾರ, ಈರುಳ್ಳಿಗಳ ಮೂಟೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡದು. ಹಬ್ಬದ ದಿನ ಪಾಯಸದ ಬಟ್ಟಲನ್ನು ನಾಯಿಯ ಮುಂದೆ ನೂಕುವ ಮೊದಲು ಅದರಲ್ಲಿ ತೇಲುತ್ತಿರುವ ಒಣದ್ರಾಕ್ಷಿ ನೆನಪಿರಲಿ.

ಹತ್ತು ಕಿಲೊ ತೂಕದ, ಸಾಧಾರಣ ಓಡಾಟದ ಬೆಳೆದ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 600 ಕ್ಯಾಲೊರಿ ಬೇಕು. ಅದನ್ನು ಹೀಗೆ ಹೊಂದಿಸಬಹುದು: 80 ಗ್ರಾಂ ಅಕ್ಕಿ ಅಥವಾ ರಾಗಿಹಿಟ್ಟು, ಚರ್ಮ ಸಹಿತ 150 ಗ್ರಾಂ ಕೋಳಿ, ಒಂದು ಮೊಟ್ಟೆ, ಹಿಡಿಯಷ್ಟು ಸಿಹಿಗುಂಬಳ ಅಥವಾ ಕ್ಯಾರೆಟ್. ಕೋಳಿ ಎಂದರೆ ನೀವು ತಿನ್ನುವ ಎದೆಭಾಗವಲ್ಲ. ಕೋಳಿ ಅಂಗಡಿಯವರು ಬದಿಗೆ ಹಾಕುವ ಕತ್ತು, ಚರ್ಮ, ಹೃದಯಗಳು ಕಡಿಮೆ ರೇಟಿಗೆ ಸಿಗುತ್ತವೆ. ವಾರದ ಗಿರಾಕಿ ಎಂದು ಗೊತ್ತಾದರೆ ಅಂಗಡಿಯವರೇ ಎತ್ತಿಟ್ಟಿರುತ್ತಾರೆ. ಲಿವರ್ ವಾರಕ್ಕೆ ಒಂದೆರಡು ಸಲ, ಸ್ವಲ್ಪ ಸಾಕು. ದಿನವೂ ಹಾಕಿದರೆ ವಿಟಮಿನ್ ಎ ಅತಿಯಾಗುತ್ತದೆ. ಕರಾವಳಿಯವರಿಗೆ ಬೂತಾಯಿ ಇದೆ. ಸುಗ್ಗಿಯಲ್ಲಿ ಇದಕ್ಕಿಂತ ಅಗ್ಗದ ಒಳ್ಳೆಯ ಮಾಂಸ ಇನ್ನೊಂದಿಲ್ಲ.

ಮಾಡುವ ಬಗೆ ಇಷ್ಟೆ. ಉಪ್ಪು, ಅರಿಶಿನ, ಒಗ್ಗರಣೆ ಏನೂ ಇಲ್ಲದೆ ಮಾಂಸವನ್ನು ಕುಕ್ಕರಿಗೆ ಹಾಕಿ ನಾಲ್ಕೈದು ಸೀಟಿ ಕೂಗಿಸಿ. ಆರಿದ ಮೇಲೆ ಕೈಹಾಕಿ ಮೂಳೆಗಳನ್ನೆಲ್ಲ ಆರಿಸಿ. ಬೆಂದ ಕೋಳಿ ಮೂಳೆ ಸೀಳಿ ಸೂಜಿಯಾಗಿ ಕರುಳಿಗೆ ಚುಚ್ಚುತ್ತದೆ, ಆದ್ದರಿಂದ ಈ ಕೆಲಸವನ್ನು ಅವಸರದಲ್ಲಿ ಮಾಡಬೇಡಿ. ಅದೇ ರಸಕ್ಕೆ ರಾಗಿಹಿಟ್ಟು ಕಲಸಿ ಗಂಜಿಗಿಂತ ಗಟ್ಟಿ, ಮುದ್ದೆಗಿಂತ ಸಡಿಲವಾಗಿ ಬೇಯಿಸಿ, ಮಾಂಸ, ತರಕಾರಿ ಸೇರಿಸಿ. ಮೂಳೆ ತೆಗೆದ ಊಟದಲ್ಲಿ ಕ್ಯಾಲ್ಸಿಯಂ ಸಾಲದು; ರಾಗಿಯಲ್ಲಿದೆ, ಅದೂ ಪೂರ್ತಿ ಆಗುವುದಿಲ್ಲ. ಮೊಟ್ಟೆಯ ಚಿಪ್ಪುಗಳನ್ನು ತೊಳೆದು, ಬಾಣಲೆಯಲ್ಲಿ ಬಿಸಿ ಮಾಡಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಡಬ್ಬಿಯಲ್ಲಿಟ್ಟುಕೊಳ್ಳಿ. ಹತ್ತು ಕಿಲೊ ನಾಯಿಗೆ ದಿನಕ್ಕೆ ಅರ್ಧ ಟೀಚಮಚ. ಬೆಳೆಯುವ ಮರಿಗೆ ಮಾತ್ರ ಈ ಲೆಕ್ಕ ಬೇಡ, ಡಾಕ್ಟರನ್ನು ಕೇಳಿ.

ಮನೆಯಲ್ಲಿ ಮಾಂಸ ಬೇಯಿಸದವರು ಮೊಟ್ಟೆ, ಮೊಸರಿನ ಜೊತೆಗೆ ಒಣ ಆಹಾರ ಕೊಳ್ಳುವುದೇ ಸರಿ. ಸಂಪ್ರದಾಯ ನಮ್ಮದು, ಹಲ್ಲು ನಾಯಿಯದು.

ಊಟ ಸರಿಹೋಗಿದೆಯೇ ಎಂದು ತಿಳಿಯಲು ಅಂಗೈಯನ್ನು ನಾಯಿಯ ಪಕ್ಕೆಯ ಮೇಲೆ ಆಡಿಸಿ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು.

ಉಣುಗು

ಉಣುಗಿನ ಕಾಟಕ್ಕೆ ವಾರಕ್ಕೆ ಹತ್ತು ನಿಮಿಷ ಕೊಡಿ. ಕಿವಿಯ ಮಡಿಕೆ, ಕಾಲ್ಬೆರಳ ಸಂದು, ಕೊರಳಪಟ್ಟಿಯ ಅಡಿ, ಬಾಲದ ಬುಡ, ಈ ನಾಲ್ಕು ಕಡೆ ಬೆರಳಾಡಿಸಿದರೆ ಸಿಗುತ್ತವೆ. ಚಿಮುಟದಲ್ಲಿ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರಕ್ಕೆ ಎಳೆದು ಸ್ಪಿರಿಟ್ಟಿಗೆ ಹಾಕಿ, ಉಗುರಲ್ಲಿ ಹೊಸಕಬೇಡಿ. ಒಂದು ಹೆಣ್ಣು ಉಣುಗು ಸಾವಿರಗಟ್ಟಲೆ ಮೊಟ್ಟೆ ಇಡುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ. ಹಾಗಾಗಿ ನಾಯಿ ಮಲಗುವ ಜಾಗದ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ, ಹಾಸುವ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಬೆಳೆಗೆ ಹೊಡೆಯುವ ಔಷಧವನ್ನು ನಾಯಿಗೆ ಬಳಿಯುವ ಕೆಟ್ಟ ಚಾಳಿ ಹಳ್ಳಿಗಳಲ್ಲಿದೆ. ಉಣುಗಿಗಿಂತ ಮೊದಲು ನಾಯಿ ಸಾಯುತ್ತದೆ. ಊಟ ಬಿಟ್ಟು, ಒಸಡು ಬಿಳಚಿಕೊಂಡು, ಮೂಗಿನಲ್ಲಿ ರಕ್ತ ಬಂದರೆ ಅದು ಉಣುಗು ಜ್ವರ ಇರಬಹುದು. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.

ಮನೆಯಲ್ಲಿರುವ ಜ್ವರ–ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಲೇಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಯಾವುದೂ ಬೇಡ. ಹತ್ತು ರೂಪಾಯಿಯ ಮಾತ್ರೆ ಕಿಡ್ನಿ, ಲಿವರ್‌ಗಳನ್ನು ಹಾಳುಮಾಡುತ್ತದೆ.

ಸಂತಾನಹರಣ ಮತ್ತು ಸರಪಳಿ

ಹೆಣ್ಣು ನಾಯಿ ವರ್ಷಕ್ಕೆ ಸುಮಾರು ಎರಡು ಸಲ ಬೆದೆಗೆ ಬರುತ್ತದೆ, 63 ದಿನಕ್ಕೆ ಮರಿ ಹಾಕುತ್ತದೆ. 'ಒಂದು ಸೂಲಾದರೂ ಆಗಲಿ' ಎನ್ನುವ ಕನಿಕರಕ್ಕೆ ಆರೇಳು ಮರಿಗಳ ಖರ್ಚು ಬೀಳುತ್ತದೆ. ಕೊನೆಗೆ ಅವು ಸಂತೆ ಮೈದಾನಕ್ಕೋ ಹೈವೇ ಬದಿಗೋ ಹೋಗುತ್ತವೆ. ಆಪರೇಷನ್ ಮಾಡಿಸಿದರೆ ಇಳಿವಯಸ್ಸಿನಲ್ಲಿ ಗರ್ಭಕೋಶದಲ್ಲಿ ಕೀವಾಗುವ ಮಾರಕ ಕಾಯಿಲೆಯ ಭಯವೂ ಇಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುನಾಯಿಯ ಲಸಿಕೆ, ಜಂತುನಾಶಕ, ಸಂತಾನಹರಣ ಮೂರೂ ಸಾಕಿದವರ ಹೊಣೆ.

ಇಡೀ ದಿನ ಕಟ್ಟಿಹಾಕಿದ ನಾಯಿ ಕಾವಲು ನಾಯಿಯಾಗುವುದಿಲ್ಲ, ಸಿಡುಕು ನಾಯಿಯಾಗುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದನ್ನೂ, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದನ್ನೂ, ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದನ್ನೂ ಅಪರಾಧ ಎನ್ನುತ್ತದೆ. ಮೊದಲ ತಪ್ಪಿಗೆ ಅದು ಇಟ್ಟ ದಂಡ ಹತ್ತರಿಂದ ಐವತ್ತು ರೂಪಾಯಿ. ಹೆದರುವವರು ಯಾರು, ಬಿಡಿ. ಆದರೆ ನಿಮ್ಮ ನಿರ್ಲಕ್ಷ್ಯದಿಂದ ನಾಯಿ ಯಾರಿಗಾದರೂ ಅಪಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ ಬೀಳಬಹುದು. ಬೀದಿಗೆ ಹೊರಟಾಗ ಕೈಯಲ್ಲಿ ಹಗ್ಗ, ಜೇಬಿನಲ್ಲಿ ನಿನ್ನೆಯ ಪೇಪರ್ ಇರಲಿ. ಪಕ್ಕದ ಮನೆಯ ಗೇಟಿನ ಮುಂದೆ ನಾಯಿ ಕೂತರೆ ಪೇಪರಿನಲ್ಲಿ ಎತ್ತಿಕೊಂಡು ಬನ್ನಿ. ಈ ಪುರವಣಿಯೂ ನಾಳೆಯಿಂದ ಆ ಕೆಲಸಕ್ಕೆ ಬರುತ್ತದೆ.

ನಾಯಿ ಕಚ್ಚಿದರೆ, ನಿಮ್ಮದೇ ಆಗಿರಲಿ, ಲಸಿಕೆ ಆಗಿರಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಬೇಡ. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕಚ್ಚಿದ ನಾಯಿಯನ್ನು ಹೊಡೆದು ಓಡಿಸದೆ ಹತ್ತು ದಿನ ಕಣ್ಣಳತೆಯಲ್ಲಿಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಿಗೂ ಔಷಧವಿಲ್ಲ.

ಡಬ್ಬಿ ಮತ್ತು ಕಾರ್ಡು

ತಿಂಗಳ ಮೊದಲ ವಾರ ಐನೂರು ರೂಪಾಯಿಯನ್ನು ನಾಯಿಯ ಹೆಸರಿನಲ್ಲಿ ಎತ್ತಿಡಿ. ಡಬ್ಬಿಯೋ, ಬೇರೆ ಖಾತೆಯೋ, ಸಂಘದ ಉಳಿತಾಯವೋ ನಿಮ್ಮ ಇಷ್ಟ. ಮೂಳೆ ಮುರಿತವೋ ಉಣುಗು ಜ್ವರವೋ ಬಂದ ದಿನ ಸಾಲ ಕೇಳುವ ಪಾಡು ತಪ್ಪುತ್ತದೆ. ಬಿಸ್ಕತ್ತು, ಆಟಿಕೆ, ಬೆಲ್ಟಿನ ಗಿಲೀಟು ಇದಾದ ಮೇಲೆ. ಹಳೆಯ ಟವೆಲ್ಲಿಗೆ ಗಂಟು ಹಾಕಿಕೊಟ್ಟರೆ ನಾಯಿಗೆ ಅದೇ ಆಟಿಕೆ.

ಊರಿಗೆ ಹೋಗುವಾಗ ನಾಯಿಯನ್ನು ಪಕ್ಕದ ಮನೆಯವರ ಸುಪರ್ದಿಗೆ ಬಿಡುವುದಾದರೆ ಎರಡು ಮೂರು ವಾರ ಮೊದಲೇ ಅವರ ಕೈಯಿಂದ ಊಟ ಹಾಕಿಸಿ ರೂಢಿ ಮಾಡಿಸಿ. ಒಂದು ಹಾಳೆಯಲ್ಲಿ ಊಟದ ಹೊತ್ತು, ಅಳತೆ, ಡಾಕ್ಟರ ಫೋನ್ ನಂಬರ್ ಬರೆದು ಲಸಿಕೆ ಕಾರ್ಡಿನ ಜೊತೆಗಿಡಿ; ಆಟೊ ಚಾರ್ಜಿಗೆಂದು ಡಬ್ಬಿಯಿಂದ ಒಂದಿಷ್ಟು ಅವರ ಕೈಯಲ್ಲಿಡಿ. ದೀಪಾವಳಿಗೆ ಮಾತ್ರ ಬಿಟ್ಟು ಹೋಗಬೇಡಿ. ಪಟಾಕಿಗೆ ಬೆದರಿ ಓಡಿದ ನಾಯಿ ಪಕ್ಕದ ಮನೆಯವರ ಕೂಗಿಗೆ ತಿರುಗಿ ಬರುವುದಿಲ್ಲ.