ಮೂರನೇ ಪಿನ್ ಎಲ್ಲಿ ಹೋಯ್ತು?
ವೃದ್ಧಾಶ್ರಮದ ಒಂದು ಬ್ಯಾಟರಿ ಸ್ಕೂಟರ್ ಕಲಿಸಿದ ಪಾಠ

ಗೆಳೆಯರೇ, ಈ ಸಲದ ಪಾಠ ಲ್ಯಾಬಿನಲ್ಲಿ ಶುರುವಾಗಿದ್ದಲ್ಲ. ಯಲಬುರ್ಗಾ ತಾಲೂಕಿನ ಒಂದು ವೃದ್ಧಾಶ್ರಮಕ್ಕೆ ಹಣ್ಣು-ಹಂಪಲ ಹಂಚೋಕೆ ಅಂತ ನಮ್ಮ ಕನ್ನಡ ಸಂಘದಿಂದ ಹೋಗಿದ್ವಿ. ಅಲ್ಲಿ ಒಂದು ಮೂಲೆಯಲ್ಲಿ ನಾಲ್ಕು ಗಾಲಿಯ ಬ್ಯಾಟರಿ ಸ್ಕೂಟರ್ ಧೂಳು ತಿನ್ನುತ್ತಾ ನಿಂತಿತ್ತು. ನಡೆಯಲಾಗದವರು ಕೂತು ಓಡಾಡೋ ಸ್ಕೂಟರ್ ಅದು. ವಿದೇಶದಲ್ಲಿರೋ ಮಗ ತನ್ನ ತಾಯಿಗೆ ಕಳಿಸಿದ್ದಂತೆ.

"ಚಾರ್ಜಿಗೆ ಹಚ್ಚಿದಾಗ ಆ ಡಬ್ಬಿ ಮುಟ್ಟಿದ್ರ ಜುಮ್ ಅಂತೈತ್ರೀ. ಅಂಜಿಕಿ ಬಂದು ಮೂಲಿಗೆ ಹಚ್ಚೀವಿ" ಅಂದ್ರು ನೋಡಿಕೊಳ್ಳೋ ಅಕ್ಕಾರು.

ಪಕ್ಕದಲ್ಲೇ ಕೂತಿದ್ದ ಅಜ್ಜಿ ಅಂದ್ರು, "ಅದಿಲ್ಲಂದ್ರ ನಾ ಬೇವಿನ ಗಿಡದ ಕಟ್ಟಿ ಮಟ ಹೆಂಗ ಹೋಗ್ಲೆಪ್ಪಾ?"

ಅಕ್ಕಾರ ಅಂಜಿಕೆ ತಪ್ಪಲ್ಲ, ಅಜ್ಜಿಯ ಪ್ರಶ್ನೆಯೂ ತಪ್ಪಲ್ಲ. ಸ್ಕೂಟರ್ ಓಡಿಸಿದರೆ ಶಾಕ್ ಭಯ, ನಿಲ್ಲಿಸಿದರೆ ಅಜ್ಜಿಗೆ ನಾಲ್ಕು ಗೋಡೆಯೇ ಗತಿ. ಇದರ ನಡುವೆ ದಾರಿ ಹುಡುಕೋದು ಎಲೆಕ್ಟ್ರಿಕಲ್ ಓದೋ ನಮ್ಮ ಕೆಲಸ ಅನ್ನಿಸ್ತು. ಮೇಷ್ಟ್ರನ್ನ ಕೇಳಿ, ಲ್ಯಾಬಿನ ಮೀಟರ್‌ಗಳ ಜೊತೆ ಅವರನ್ನೂ ಕರ್ಕೊಂಡು ಮತ್ತೆ ಹೋದ್ವಿ.

ಕತ್ತರಿಸಿದ ಪ್ಲಗ್

ಸ್ಕೂಟರ್ ಮೇಲೆ ಯುರೋಪಿನ ಸಿಇ ಗುರುತು ಇತ್ತು. ಆದರೆ ಚಾರ್ಜರಿನ ವೈರಿನ ತುದಿಯಲ್ಲಿ ನಮ್ಮ ಬಜಾರಿನ ಎರಡು ಪಿನ್ನಿನ ಪ್ಲಗ್! ಬ್ರಿಟನ್ನಿನ ಚೌಕ ಪಿನ್ನಿನ ಪ್ಲಗ್ ನಮ್ಮ ಸಾಕೆಟ್ಟಿಗೆ ಕೂಡೋದಿಲ್ಲ ಅಂತ ಯಾರೋ ಅದನ್ನು ಕತ್ತರಿಸಿ, ಹಸಿರು-ಹಳದಿ ವೈರನ್ನ ಟೇಪ್ ಸುತ್ತಿ ಬಿಟ್ಟಿದ್ದರು. ಆ ಒಂದು ಕತ್ತರಿಗೆ ಎರಡು ರಕ್ಷಣೆ ಹೋದವು. ಒಂದು, ಅರ್ಥ್ ಸಂಪರ್ಕ. ಇನ್ನೊಂದು, ಪ್ಲಗ್ಗಿನ ಹೊಟ್ಟೆಯೊಳಗಿದ್ದ ಫ್ಯೂಸ್. ಬ್ರಿಟಿಷ್ ಪ್ಲಗ್ಗಿನಲ್ಲಿ ಫ್ಯೂಸ್ ಒಳಗೇ ಇರುತ್ತೆ, ನಮ್ಮದರಲ್ಲಿ ಇರೋದಿಲ್ಲ.

ಜುಮ್ ಅನ್ನೋದು ಯಾಕೆ?

ಚಾರ್ಜರಿನ ಡಬ್ಬಿ ಲೋಹದ್ದು. ಇಂಥ ಚಾರ್ಜರ್ ಒಳಗೆ ವಿದ್ಯುತ್ ಗದ್ದಲ ತಡೆಯೋಕೆ ಫೇಸ್‌ನಿಂದ ಡಬ್ಬಿಗೊಂದು, ನ್ಯೂಟ್ರಲ್‌ನಿಂದ ಡಬ್ಬಿಗೊಂದು ಪುಟ್ಟ ಕೆಪಾಸಿಟರ್ ಹಾಕಿರ್ತಾರೆ. ಅರ್ಥ್ ಇದ್ದಾಗ ಆ ಸಣ್ಣ ಪ್ರವಾಹ ಭೂಮಿಗೆ ಹೋಗುತ್ತೆ. ಅರ್ಥ್ ಇಲ್ಲದಿದ್ದರೆ ಡಬ್ಬಿ ಎರಡರ ಮಧ್ಯೆ ನೇತಾಡುತ್ತೆ, ಅಂದರೆ 230ರ ಅರ್ಧ, 115 ವೋಲ್ಟ್ ಆಸುಪಾಸು. ನಮ್ಮ ಮೀಟರ್ 110 ತೋರಿಸಿತು.

ಕೇಳೋಕೆ ಭಯಂಕರ. ಆದರೆ ಕೊಲ್ಲೋದು ವೋಲ್ಟೇಜಿನ ಸಂಖ್ಯೆಯಲ್ಲ, ಮೈಯೊಳಗೆ ಹರಿಯೋ ಪ್ರವಾಹ. ಒಂದೊಂದು ಕೆಪಾಸಿಟರ್ 2.2 ನ್ಯಾನೋಫ್ಯಾರಡ್ ಅಂತ ಹಿಡಿದು 2π × 50 × C × 230 ಲೆಕ್ಕ ಹಾಕಿ: 0.16 ಮಿಲಿಆಂಪಿಯರ್ ಬರುತ್ತೆ. ಖಾತ್ರಿ ಮಾಡ್ಕೊಳ್ಳೋಕೆ ಮೇಷ್ಟ್ರು ಡಬ್ಬಿಗೂ ಅರ್ಥಿಗೂ ನಡುವೆ 1000 ಓಮ್ ರೆಸಿಸ್ಟರ್ ಇಟ್ಟು ಅಳೆದರು. 110 ಇದ್ದದ್ದು 0.2 ವೋಲ್ಟಿಗೆ ಇಳೀತು. ಅಂದರೆ ಹರಿಯೋದು 0.2 ಮಿಲಿಆಂಪಿಯರ್ ಮಾತ್ರ. ಬೆರಳು ಸವರಿದರೆ ಜುಮ್ ಅನ್ನುತ್ತೆ, ಜೀವ ತೆಗೆಯೋದಿಲ್ಲ.

ಹಾಗಾದರೆ ಬಿಟ್ಟುಬಿಡೋಣವೇ? ಬಿಡೋ ಹಾಗಿಲ್ಲ. ಜುಮ್ ಅನ್ನೋದು ಅರ್ಥ್ ಇಲ್ಲ ಅನ್ನೋ ಸುದ್ದಿ. ನಾಳೆ ಒಳಗಿನ ಇನ್ಸುಲೇಷನ್ ಒಡೆದರೆ ಡಬ್ಬಿಗೆ ಪೂರ್ತಿ 230 ವೋಲ್ಟ್ ಬರುತ್ತೆ. ಒದ್ದೆ ಕೈಯ ಮನುಷ್ಯನ ಮೈ ಸುಮಾರು 1000 ಓಮ್ ಅಂದ್ಕೊಂಡರೆ 230 ಮಿಲಿಆಂಪಿಯರ್. 10 ದಾಟಿದರೇ ಹಿಡಿದ ಕೈ ಬಿಡಿಸಿಕೊಳ್ಳೋದು ಕಷ್ಟ.

ಮೂರು ಪಿನ್ ಹಾಕಿದರೆ ಮುಗೀತಾ?

ಹಾಗಂತ ನಾವೂ ಅಂದ್ಕೊಂಡಿದ್ವಿ. ಮೇಷ್ಟ್ರು ಕೇಳಿದರು, "ಸಾಕೆಟ್ಟಿನ ಮೂರನೇ ತೂತು ಎಲ್ಲಿಗೆ ಹೋಗುತ್ತೆ ನೋಡಿದ್ರೇನ್ರೋ?" ಹಿತ್ತಲಿಗೆ ಹೋಗಿ ಅರ್ಥ್ ಗುಂಡಿ ನೋಡಿದ್ವಿ. ನಮ್ಮ ಕಡೆಯ ಎರೆ ಮಣ್ಣು ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಅಂಟು, ಆಗ ಅರ್ಥಿಂಗ್ ಬಹಳ ಚೆನ್ನಾಗಿರುತ್ತೆ. ಬ್ಯಾಸಿಗೆಯಲ್ಲಿ ಬಿರುಕು ಬಿಟ್ಟು ಮಣ್ಣು ಪೈಪನ್ನೇ ಬಿಟ್ಟು ಸರಿಯುತ್ತೆ. ಅರ್ಥ್ ಟೆಸ್ಟರ್ 40 ಓಮ್ ತೋರಿಸಿತು.

ಈಗ ಲೆಕ್ಕ ಮಾಡಿ. ದೋಷ ಬಂದಾಗ 230 ÷ 40 = 5.75 ಆಂಪಿಯರ್. 6 ಆಂಪಿಯರಿನ ಎಂಸಿಬಿ ಕೂಡ ಬೀಳೋದಿಲ್ಲ! ಗುಂಡಿಗೆ ನಾಲ್ಕು ಕೊಡ ನೀರು ಹಾಕಿ ಕಾದ್ವಿ, 14 ಓಮಿಗೆ ಇಳೀತು. ಆಗಲೂ 16.4 ಆಂಪಿಯರ್. ಆ ಸಾಕೆಟ್ಟಿಗಿರೋ 16 ಆಂಪಿಯರ್ ಎಂಸಿಬಿ ಅಷ್ಟಕ್ಕೆ ತಕ್ಷಣ ಬೀಳಲ್ಲ, ಅದಕ್ಕೆ ಹತ್ತಾರು ಆಂಪಿಯರ್ ಬೇಕು. ಎಂಸಿಬಿ ಇರೋದು ವೈರ್ ಕಾಯೋಕೆ, ಮನುಷ್ಯನನ್ನ ಕಾಯೋಕಲ್ಲ.

ಮನುಷ್ಯನನ್ನ ಕಾಯೋದು ಆರ್‌ಸಿಸಿಬಿ. ಹೋದ ಪ್ರವಾಹ, ಬಂದ ಪ್ರವಾಹ ಎರಡನ್ನೂ ತೂಗಿ, 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸೋದರೊಳಗೆ ಕತ್ತರಿಸುತ್ತೆ. ಮುಟ್ಟೋ ವೋಲ್ಟೇಜ್ 50ರ ಒಳಗಿರಬೇಕು ಅಂದರೆ 50 ÷ 0.03, ಅಂದರೆ 1667 ಓಮ್ ಅರ್ಥಿಂಗ್ ಇದ್ದರೂ ಲೆಕ್ಕದ ಪ್ರಕಾರ ನಡೆಯುತ್ತೆ. ಎರೆ ಮಣ್ಣಿನ ಬ್ಯಾಸಿಗೆಗೆ ಇದಕ್ಕಿಂತ ಒಳ್ಳೇ ಗೆಳೆಯ ಇಲ್ಲ. ಹಾಗಂತ ಅರ್ಥ್ ಗುಂಡಿ ಮರೆಯೋ ಹಾಗಿಲ್ಲ, ಎರಡೂ ಬೇಕು.

ಸರ್ಟಿಫಿಕೇಟ್ ಏನು ಹೇಳುತ್ತೆ, ಏನು ಹೇಳಲ್ಲ

ಇಂಥ ಗಾಡಿಗಳಿಗೆ ಅಂತರರಾಷ್ಟ್ರೀಯ ಮಾನದಂಡ ಇದೆ. ಐಎಸ್‌ಒ 7176ರ 14ನೇ ಭಾಗ ವಿದ್ಯುತ್ ಮತ್ತು ನಿಯಂತ್ರಣ ವ್ಯವಸ್ಥೆಗೆ, 25ನೇ ಭಾಗ ಬ್ಯಾಟರಿ ಮತ್ತು ಚಾರ್ಜರಿಗೆ. ಯುರೋಪಿನಲ್ಲಿ ಇಎನ್ 12184. ರಸ್ತೆಯ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಗೆ ನಮ್ಮ ದೇಶದಲ್ಲಿರೋ ಎಐಎಸ್ 156 ಬೇರೆ, ಇದು ಬೇರೆ. ಎರಡನ್ನೂ ಕಲಸಬೇಡಿ.

ಆದರೆ ಈ ಪರೀಕ್ಷೆ ನಡೆಯೋದು ಮಾದರಿಯ ಮೇಲೆ, ಗಾಡಿ ಹೊಸದಿದ್ದಾಗ, ಅದರದೇ ಚಾರ್ಜರ್, ಅದರದೇ ಪ್ಲಗ್ ಜೊತೆ. ಪ್ಲಗ್ ಕತ್ತರಿಸಿದ ಕ್ಷಣಕ್ಕೆ ಆ ಕಾಗದ ಬೇರೆ ಯಾವುದೋ ಚಾರ್ಜರಿನ ಬಗ್ಗೆ ಮಾತಾಡ್ತಿರುತ್ತೆ. ಅದಕ್ಕೇ ಬಳಕೆಯಲ್ಲಿರೋ, ರಿಪೇರಿಯಾದ ವೈದ್ಯಕೀಯ ವಿದ್ಯುತ್ ಉಪಕರಣಗಳ ಮರುಪರೀಕ್ಷೆಗೆ ಅಂತ ಐಇಸಿ 62353 ಅನ್ನೋ ಬೇರೆ ಮಾನದಂಡವೇ ಇದೆ. ಬ್ರಿಟನ್ನಿನಲ್ಲೂ 1989ರ ನಿಯಮ "ವರ್ಷಕ್ಕೊಂದು ಸ್ಟಿಕರ್ ಅಂಟಿಸಿ" ಅನ್ನೋದಿಲ್ಲ. ಕೆಲಸದ ಜಾಗದ ವಿದ್ಯುತ್ ವ್ಯವಸ್ಥೆಯನ್ನ ಅಪಾಯ ಆಗದ ಹಾಗೆ ಸುಸ್ಥಿತಿಯಲ್ಲಿಡಬೇಕು ಅನ್ನುತ್ತೆ. ಸ್ಟಿಕರ್ ಆ ಜವಾಬ್ದಾರಿಯ ಒಂದು ಗುರುತು ಅಷ್ಟೇ.

ನಮ್ಮಲ್ಲಿ ವಿದೇಶಿ ಸ್ಕೂಟರ್ ಅಪರೂಪ ಇರಬಹುದು. ಆದರೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಕಾನ್ಪುರದ ಅಲಿಮ್ಕೊ ತಯಾರಿಸೋ ಬ್ಯಾಟರಿ ತ್ರಿಚಕ್ರ ಗಾಡಿಗಳಿವೆ. ಅವುಗಳ ಚಾರ್ಜರಿಗೂ ಇದೇ ಪಾಠ.

ನಾವು ಮಾಡಿದ ಪರೀಕ್ಷೆ, ಅದೇ ಕ್ರಮದಲ್ಲಿ

1. ಕಣ್ಣು: ಪ್ಲಗ್, ವೈರ್, ಚಾರ್ಜರ್ ಡಬ್ಬಿ, ಬ್ಯಾಟರಿ ಉಬ್ಬಿದೆಯಾ, ಟರ್ಮಿನಲ್ ಪಾಚಿಗಟ್ಟಿದೆಯಾ. ಹೆಚ್ಚಿನ ದೋಷ ಇಲ್ಲೇ ಸಿಗುತ್ತೆ.
2. ಹೊಂದಾಣಿಕೆ: ಎರಡು 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಸೇರಿದರೆ 12 ಸೆಲ್. ಸೆಲ್ಲಿಗೆ 2.4 ಅಂದರೆ 28.8 ವೋಲ್ಟ್ ಸುತ್ತಮುತ್ತ ಚಾರ್ಜ್. ಪಿನ್ ಕೂಡುತ್ತೆ ಅಂತ 36 ವೋಲ್ಟಿನ ಚಾರ್ಜರ್ ಹಚ್ಚಬಾರದು.
3. ಅರ್ಥ್ ನಿರಂತರತೆ: ಹೊಸ ಮೂರು ಪಿನ್ ಪ್ಲಗ್ ಹಾಕಿಸಿ, ಅರ್ಥ್ ಪಿನ್ನಿನಿಂದ ಡಬ್ಬಿಯ ತನಕ 0.3 ಓಮ್ ಒಳಗೆ ಬರಬೇಕು. ಮೀಟರ್ ವೈರಿನ ರೆಸಿಸ್ಟೆನ್ಸ್ ಕಳೆಯೋದು ಮರೀಬೇಡಿ.
4. ಇನ್ಸುಲೇಷನ್: ಪ್ಲಗ್ ಕಿತ್ತು, ಸ್ಕೂಟರಿನಿಂದ ಬಿಡಿಸಿ, ಫೇಸ್-ನ್ಯೂಟ್ರಲ್ ಜೋಡಿಸಿ ಡಬ್ಬಿಗೆ 500 ವೋಲ್ಟ್ ಮೆಗ್ಗರ್. 1 ಮೆಗಾಓಮ್‌ಗಿಂತ ಹೆಚ್ಚಿರಬೇಕು.
5. ಆರ್‌ಸಿಸಿಬಿ: ಟೆಸ್ಟ್ ಬಟನ್ ಒತ್ತಿದರೆ ಬೀಳಬೇಕು. ತಿಂಗಳಿಗೊಮ್ಮೆ ಅಕ್ಕಾರೇ ಒತ್ತಬಹುದು.
6. ಚಾರ್ಜ್ ಆಗುವಾಗ ಗಾಡಿ ಓಡಬಾರದು. ಈ ಸ್ಕೂಟರಿನ ಚಾರ್ಜಿಂಗ್ ಪಿನ್ನಲ್ಲಿ ಮೂರನೆಯದು ಅದಕ್ಕೆಂದೇ ಇದೆ.

ಎಚ್ಚರಿಕೆ: 3 ಮತ್ತು 4ನ್ನು ಮೇಷ್ಟ್ರಿಲ್ಲದೆ ಮಾಡಬೇಡಿ. ಚಾರ್ಜರ್ ಬಿಚ್ಚಲೇಬೇಡಿ, ಪ್ಲಗ್ ಕಿತ್ತರೂ ಒಳಗಿನ ಕೆಪಾಸಿಟರ್ ಚಾರ್ಜ್ ಹಿಡಿದಿರುತ್ತೆ. ಮನೆಯ ವೈರಿಂಗ್ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನಿಗೆ ಬಿಡಿ. ಇಲ್ಲೂ ಪ್ಲಗ್ ಮತ್ತು ಆರ್‌ಸಿಸಿಬಿ ಹಾಕಿದ್ದು ಅಂಥವರೇ.

ಇನ್ನೊಂದು ಮಾತು ಜಾಗದ್ದು. ಲೆಡ್ ಆಸಿಡ್ ಬ್ಯಾಟರಿ ಅತಿಯಾಗಿ ಚಾರ್ಜ್ ಆದರೆ ಹೈಡ್ರೋಜನ್ ಬಿಡುತ್ತೆ, ಗಾಳಿಯಲ್ಲಿ ಅದು 4% ಸೇರಿದರೆ ಕಿಡಿ ಸಾಕು. ಅದಕ್ಕೆ ಮಂಚದ ಪಕ್ಕ ಬೇಡ, ಗಾಳಿಯಾಡೋ ಜಾಗ ಬೇಕು. ಹೊರಗೆ ಹೋಗೋ ದಾರಿಯಲ್ಲೂ ಬೇಡ. ಬೆಂಕಿ ಹತ್ತಿದರೆ ಎದ್ದು ಓಡಲಾಗದವರು ಅಲ್ಲಿರೋದು.

ಕೊನೆಗೆ ಒಂದು ಹಾಳೆಯಲ್ಲಿ ದಿನಾಂಕ, ಅಳತೆಗಳು, ಮುಂದಿನ ಪರೀಕ್ಷೆಯ ತಿಂಗಳು ಬರೆದು ಗೋಡೆಗೆ ಅಂಟಿಸಿದ್ವಿ. "ಬ್ಯಾಸಿಗೆಯಲ್ಲಿ ವಾರಕ್ಕೊಮ್ಮೆ ಅರ್ಥ್ ಗುಂಡಿಗೆ ನೀರು" ಅಂತಲೂ ಬರೆದ್ವಿ. ಅದು ಸರ್ಕಾರಿ ಸರ್ಟಿಫಿಕೇಟ್ ಅಲ್ಲ, ನಮಗೆ ಆ ಅಧಿಕಾರವೂ ಇಲ್ಲ. ಆದರೆ ಇವತ್ತಿನ ದಿನ ಈ ಗಾಡಿ ಹೇಗಿದೆ ಅಂತ ಹೇಳೋ ಕಾಗದ ಆ ಮನೆಯಲ್ಲಿ ಅದೊಂದೇ.

ಅಕ್ಕಾರು ಮೊದಲು ತಾವೇ ಡಬ್ಬಿ ಮುಟ್ಟಿ ನೋಡಿದರು. ಆಮೇಲೆ ಅಜ್ಜಿಯನ್ನ ಕೂರಿಸಿದರು. ಕಟ್ಟೆ ತನಕ ಹೋಗಿ ಬಂದ ಅಜ್ಜಿ, "ನಾಳಿ ಯಾರೂ ಹಚ್ಚಬ್ಯಾಡ್ರಿ, ನಾನ ಚಾರ್ಜಿಗೆ ಹಚ್ತೀನಿ" ಅಂದ್ರು.

ನಿಮ್ಮೂರಿನ ಆಶ್ರಮದಲ್ಲೋ, ನಿಮ್ಮ ಮನೆಯಲ್ಲೋ ಇಂಥ ಗಾಡಿ ಇದ್ದರೆ ಈ ರಜೆಯಲ್ಲಿ ಒಮ್ಮೆ ಪ್ಲಗ್ ತಿರುಗಿಸಿ ನೋಡಿ. ಪಿನ್ ಎಷ್ಟಿವೆ ಅಂತ ಎಣಿಸೋಕೆ ಮೀಟರ್ ಬೇಕಿಲ್ಲ.