ಕಾರ್ಖಾನೆಗಳಲ್ಲಿ ಸುರಕ್ಷತಾ ತಪಾಸಣೆ

ಕಾಯಕಕ್ಕೆ ಪೂಜೆಯ ಸ್ಥಾನವನ್ನಿತ್ತ ಶರಣರ ಕಾಲದಲ್ಲಿ ಕಾಯಕಜೀವಿಯ ಉಪಕರಣವು ಅವನ ಕೈಯಳತೆಯಲ್ಲಿಯೇ ಇತ್ತು. ನೇಕಾರನು ತನ್ನ ಮಗ್ಗವನ್ನೂ ಕಮ್ಮಾರನು ತನ್ನ ಕುಲುಮೆಯನ್ನೂ ಬಲ್ಲವನಾಗಿದ್ದನು. ಅದರ ಅಪಾಯವನ್ನೂ ಅರಿತಿದ್ದನು. ಯಂತ್ರಯುಗವು ಈ ಸಂಬಂಧವನ್ನು ಕಡಿದುಹಾಕಿತು. ಕಾರ್ಖಾನೆಯ ಕಾರ್ಮಿಕನು ತಾನು ನಿರ್ಮಿಸದ, ತನ್ನದಲ್ಲದ, ಅನೇಕ ವೇಳೆ ತನಗೆ ಪೂರ್ತಿಯಾಗಿ ತಿಳಿಯದ ಯಂತ್ರದ ಬಳಿ ನಿಂತು ದುಡಿಯುತ್ತಾನೆ. ಆದುದರಿಂದ ಆ ಯಂತ್ರವನ್ನು ಅವನ ಪರವಾಗಿ ನೋಡುವ ಇನ್ನೊಂದು ಕಣ್ಣು ಅವಶ್ಯವಾಯಿತು.

ಇಂಗ್ಲೆಂಡಿನ 1833ರ ಕಾಯಿದೆಯು ಬಟ್ಟೆ ಗಿರಣಿಗಳಿಗಾಗಿ ನಾಲ್ವರು ತಪಾಸಣಾಧಿಕಾರಿಗಳನ್ನು ಒದಗಿಸಿತು. ಇಡೀ ದೇಶಕ್ಕೆ ನಾಲ್ವರೆಂದರೆ ನಗು ಬರಬಹುದು. ಆದರೆ ಕೆಲಸ ನಡೆದಿರುವಾಗ ಗಿರಣಿಯ ಬಾಗಿಲನ್ನು ದಾಟಿ ಒಳಹೋಗುವ ಅಧಿಕಾರವು ಮಾಲಿಕನಲ್ಲದ ಒಬ್ಬನಿಗೆ ದೊರೆತದ್ದು ಸಣ್ಣ ಮಾತಲ್ಲ. ಭಾರತದ ಮೊದಲ ಕಾರ್ಖಾನೆ ಕಾಯಿದೆ ಬಂದುದು 1881ರಲ್ಲಿ. ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸುತ್ತಿದ್ದ ಅದು ಏಳು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಅಪಾಯಕರ ಯಂತ್ರಗಳಿಗೆ ಆವರಣವಿರಬೇಕೆಂದು ವಿಧಿಸಿತು. ಸ್ವಾತಂತ್ರ್ಯಾನಂತರ 1948ರ ಕಾಯಿದೆಯು ಇದನ್ನೆಲ್ಲ ವಿಸ್ತಾರವಾಗಿ ಕ್ರಮಗೊಳಿಸಿತು.

ತಿರುಗುವ ಚಕ್ರ, ಪಟ್ಟಿ, ಹಲ್ಲುಗಾಲಿಗಳಿಗೆ ರಕ್ಷಣಾ ಕವಚವಿದೆಯೇ, ಬಾಯ್ಲರಿನ ಸುರಕ್ಷಾ ಕವಾಟ ಸರಿಯಾಗಿದೆಯೇ, ಭಾರವೆತ್ತುವ ಸರಪಳಿ ಸವೆದಿದೆಯೇ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಮಹಾ ದುರಂತಗಳಾದರೋ ಹೆಚ್ಚಾಗಿ ಕಣ್ಣಿಗೆ ಕಾಣದ ಎಡೆಯಿಂದ ಬರುತ್ತವೆ. ಇದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು.

ಸ್ಕಾಟ್ಲೆಂಡಿನ ಈಶಾನ್ಯಕ್ಕೆ ಉತ್ತರ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ಎಂಬ ತೈಲ ನೆಲೆಯು 1988ರ ಜುಲೈ 6ರ ರಾತ್ರಿ ಸ್ಫೋಟಗೊಂಡು 167 ಮಂದಿ ಸತ್ತರು. ಅನಿಲದಿಂದ ಬೇರ್ಪಟ್ಟ ದ್ರವವನ್ನು ನೂಕುವ ಎರಡು ಪಂಪುಗಳು ಅಲ್ಲಿದ್ದವು. ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷಾ ಕವಾಟವನ್ನು ಪರೀಕ್ಷೆಗೆಂದು ಬಿಚ್ಚಿ, ಆ ಬಾಯಿಗೆ ತಾತ್ಕಾಲಿಕ ಮುಚ್ಚಳವನ್ನು ಕೂಡಿಸಿ ಹೋದರು. ಆ ಸಂಗತಿಯು ರಾತ್ರಿ ಪಾಳಿಯವರಿಗೆ ತಲುಪಲಿಲ್ಲ. ಎರಡನೆಯ ಪಂಪು ನಿಂತಾಗ ಅವರು ಮೊದಲನೆಯದನ್ನು ಚಾಲೂ ಮಾಡಿದರು; ದ್ರವ ಸೋರಿತು, ಕಿಡಿ ತಗುಲಿತು. ಬೆಂಕಿ ನಂದಿಸುವ ಪಂಪುಗಳು ತಾವಾಗಿಯೇ ಚಾಲೂ ಆಗುವ ಸ್ಥಿತಿಯಲ್ಲಿರಲಿಲ್ಲ. ಸಮುದ್ರದೊಳಗೆ ಮುಳುಗುಗಾರರು ಕೆಲಸ ಮಾಡುವಾಗ ಅವರ ರಕ್ಷಣೆಗಾಗಿ ಅವನ್ನು ಕೈಯಿಂದ ನಡೆಸುವ ಸ್ಥಿತಿಗೆ ಇಡುವ ವಾಡಿಕೆ ಅಲ್ಲಿತ್ತು. ಒಬ್ಬರ ರಕ್ಷಣೆಗೆ ಮಾಡಿದ ಏರ್ಪಾಡು ಇನ್ನೂರಕ್ಕೂ ಮಿಕ್ಕಿದ ಜನರಿಗೆ ಮುಳುವಾಯಿತು. ಗಮನಾರ್ಹವಾದುದೆಂದರೆ, ಅದೇ ಜೂನ್ ತಿಂಗಳಿನಲ್ಲಿಯೇ ಸರಕಾರಿ ತಪಾಸಣೆ ನಡೆದಿತ್ತು. ವಿಚಾರಣೆ ನಡೆಸಿದ ಲಾರ್ಡ್ ಕಲ್ಲನ್ ಅವರು 1990ರ ತಮ್ಮ ವರದಿಯಲ್ಲಿ ಆ ತಪಾಸಣೆಯನ್ನು ತೀರ ಮೇಲುಮೇಲಿನದೆಂದು ನಿಷ್ಠುರವಾಗಿ ವಿಮರ್ಶಿಸಿದರು. ಪಾಳಿ ಬದಲಾಗುವಾಗ ಒಬ್ಬನು ಇನ್ನೊಬ್ಬನಿಗೆ ಏನು ಹೇಳುತ್ತಾನೆ, ದುರಸ್ತಿಯ ಅನುಮತಿ ಚೀಟಿ ಎಲ್ಲಿರುತ್ತದೆ ಎಂಬುದನ್ನು ನೋಡದ ತಪಾಸಣೆಯು ಯಂತ್ರದ ಪ್ರದಕ್ಷಿಣೆಯಷ್ಟೇ ಆಗುತ್ತದೆ.

ಭೋಪಾಲದ ಕಥೆ ಇದಕ್ಕಿಂತ ಬೇರೆ. ಅಲ್ಲಿ ತಪಾಸಣೆ ಕುರುಡಾಗಿರಲಿಲ್ಲ. 1981ರ ಡಿಸೆಂಬರಿನಲ್ಲಿ ಫಾಸ್ಜೀನ್ ಅನಿಲ ಸೋರಿ ಒಬ್ಬ ಕಾರ್ಮಿಕನು ಸತ್ತಿದ್ದನು. 1982ರ ಮೇ ತಿಂಗಳಲ್ಲಿ ಅಮೆರಿಕದ ಮಾತೃಸಂಸ್ಥೆಯಿಂದಲೇ ಬಂದ ತಂಡವು ವಿಷಾನಿಲ ಹೊರಬೀಳುವ ಸಂಭವವನ್ನು ಬರವಣಿಗೆಯಲ್ಲಿ ತಿಳಿಸಿತ್ತು. ಆದರೂ 1984ರ ಡಿಸೆಂಬರ್ 2ರ ಆ ನಡುರಾತ್ರಿ ತೊಟ್ಟಿಯೊಂದಕ್ಕೆ ನೀರು ಸೇರಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಕುದಿದೆದ್ದಾಗ ಏನಾಗಿತ್ತು? ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ಕೆಲವು ತಿಂಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಅನಿಲವನ್ನು ಸುಟ್ಟುಹಾಕುವ ಗೋಪುರದ ಕೊಳವೆಯ ತುಂಡೊಂದು ದುರಸ್ತಿಗೆಂದು ಬಿಚ್ಚಿತ್ತು. ಕ್ಷಾರದಿಂದ ಅನಿಲವನ್ನು ತೊಳೆಯುವ ಸಾಧನವು ಅಷ್ಟು ಪ್ರಮಾಣಕ್ಕೆ ಸಾಲದಾಗಿತ್ತು. ನೀರಿನ ಪರದೆಯು ಅನಿಲದ ಎತ್ತರಕ್ಕೆ ಮುಟ್ಟಲಿಲ್ಲ. ಸಹಸ್ರಾರು ಜನ ಮಡಿದರು. ಅವರಲ್ಲಿ ಹೆಚ್ಚಿನವರು ಕಾರ್ಖಾನೆಯೊಳಗೆ ಕಾಲಿಟ್ಟವರೇ ಅಲ್ಲ. ವರದಿ ಕಪಾಟಿನಲ್ಲಿತ್ತು.

ಈ ದುರಂತದ ಫಲವಾಗಿ 1987ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಕಾರ್ಖಾನೆಯು ತನ್ನ ಅಪಾಯವನ್ನು ಕಾರ್ಮಿಕರಿಗೂ ನೆರೆಹೊರೆಯವರಿಗೂ ತಿಳಿಸಬೇಕೆಂಬ ವಿಧಿ ಸೇರಿತು. ಅಪಾಯ ಸಮೀಪಿಸಿದೆಯೆಂದು ಕಂಡ ಕಾರ್ಮಿಕನು ಅದನ್ನು ಆಡಳಿತಕ್ಕೂ ತಪಾಸಣಾಧಿಕಾರಿಗೂ ತಿಳಿಸುವ ಹಕ್ಕು ದೊರೆಯಿತು. ಇದು ಆ ತಿದ್ದುಪಡಿಯ ಸತ್ತ್ವವೆಂದರೂ ಸಲ್ಲುತ್ತದೆ. ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಹಳೆಯ ಕಾಯಿದೆಯ ವಿಷಯಗಳನ್ನು ತನ್ನೊಳಗೆ ಅಡಕಗೊಳಿಸಿಕೊಂಡು, ತಪಾಸಣಾಧಿಕಾರಿಗೆ ಸಲಹೆಗಾರನ ಹೊಣೆಯನ್ನೂ ಜೋಡಿಸಿತು. ಸಲಹೆ ಕೊಟ್ಟ ಕೈಯೇ ದಂಡ ವಿಧಿಸಲು ಅಳುಕಬಾರದು, ಅಷ್ಟೆ.

ದೊಡ್ಡ ದುರಂತಗಳ ಮಾತು ಹಾಗಿರಲಿ. ಸಕ್ಕರೆ ಕಾರ್ಖಾನೆಯ ಕಾಕಂಬಿ ತೊಟ್ಟಿ, ಕಲ್ಮಷದ ನೀರಿನ ಗುಂಡಿ ಇಂಥ ಮುಚ್ಚಿದ ಸ್ಥಳಗಳಲ್ಲಿ ಕೊಳೆತ ವಸ್ತುವು ಆಮ್ಲಜನಕವನ್ನು ಹೀರಿ ವಿಷಾನಿಲವನ್ನು ಬಿಡುತ್ತದೆ. ಹೈಡ್ರೊಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆ ಇದೆಯೆಂದು ವಿದ್ಯಾರ್ಥಿಗಳೆಲ್ಲ ಬಲ್ಲರು. ಆದರೆ ಅದು ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆಂಬುದನ್ನು ಬಲ್ಲವರು ವಿರಳ. ಒಳಗಿಳಿದವನು ಕುಸಿಯುತ್ತಾನೆ, ಅವನನ್ನೆತ್ತಲು ಇನ್ನೊಬ್ಬನು ಧುಮುಕುತ್ತಾನೆ, ಅವನ ಹಿಂದೆ ಮತ್ತೊಬ್ಬನು. 1948ರ ಕಾಯಿದೆಯ 36ನೆಯ ಕಲಮು ಇದಕ್ಕೆ ಸರಳವಾದ ಉಪಾಯವನ್ನು ಹೇಳಿತ್ತು: ತಜ್ಞನು ಗಾಳಿಯನ್ನು ಪರೀಕ್ಷಿಸಿ ಬರೆದು ಕೊಡಬೇಕು; ಇಲ್ಲವೆ ಇಳಿಯುವವನು ಉಸಿರಾಟದ ಸಾಧನ ಧರಿಸಿ, ಸೊಂಟಪಟ್ಟಿಗೆ ಹಗ್ಗ ಬಿಗಿದುಕೊಂಡು, ಅದರ ಇನ್ನೊಂದು ತುದಿಯನ್ನು ಹೊರಗೆ ಒಬ್ಬನು ಹಿಡಿದಿರಬೇಕು. ಆ ಹೊರಗಿನವನು ಎಂಥ ಸಂದರ್ಭದಲ್ಲಿಯೂ ಬರಿಮೂಗಿನಿಂದ ಒಳಗಿಳಿಯಕೂಡದು. ಹಗ್ಗವನ್ನೆಳೆದು, ಕೂಗಿ ಜನರನ್ನು ಕರೆಯಬೇಕು. ಅವನು ಅಲ್ಲಿ ನಿಂತಿದ್ದಾನೆಯೇ ಎಂಬುದನ್ನು ಎಂದೋ ಒಮ್ಮೆ ಬರುವ ಅಧಿಕಾರಿಯು ಕಾಣಲಾರನು. ಆ ಪಾಳಿಯ ಮೇಸ್ತ್ರಿಯೇ ಅದನ್ನು ನೋಡಬೇಕು, ಪ್ರತಿಸಲವೂ, ತೊಟ್ಟಿಯ ಮುಚ್ಚಳ ತೆರೆಯುವ ಮುನ್ನ.