ಯಾವುದರಿಂದ ಎತ್ತರ, ಮಗಳೇ?

ಮೊನ್ನೆ ಭಾನುವಾರ ಲ್ಯಾಪ್‌ಟಾಪ್ ಹಿಡಿದು ನಮ್ಮ ಜಗಲಿಗೆ ಬಂದು, "ತಾತ, ಚಾಂಪಿಯನ್ ರೀಫ್ ಸೈನೈಡ್ ದಿಬ್ಬದ ಮೇಲೆ ಒಂದೇ ಜಾಗಕ್ಕೆ ಮೂರು ಎತ್ತರ ಬರ್ತಿದೆ, ಯಾವುದು ಸರಿ?" ಅಂತ ಕೇಳಿದೆಯಲ್ಲ. ನೀನು ಬಂಗಾರಪೇಟೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ, ನಾನು ಸುಮ್ಮನಾದೆ. ಈಗ ಸಾವಧಾನವಾಗಿ ಹೇಳುತ್ತೇನೆ, ಕೇಳು. ಮೂರೂ ಸರಿಯಲ್ಲ. ಆದರೆ ಮೂರರ ತಪ್ಪೂ ಒಂದೇ ಜಾತಿಯದಲ್ಲ.

ಒಂದು ಕಡೆ 214 ಬಂತು ಅಂದೆ. ಕೆಜಿಎಫ್‌ ಎಂಬ ನಮ್ಮ ಚಿನ್ನದ ಗಣಿಯೂರಿನ ನೆಲ ಸಮುದ್ರ ಮಟ್ಟದಿಂದ ಎಂಟುನೂರೈವತ್ತು, ಒಂಬೈನೂರು ಮೀಟರಿನ ಆಸುಪಾಸು. 214 ಅಂದರೆ ನಾವೆಲ್ಲ ಎಲ್ಲೋ ಆಂಧ್ರದ ಬಯಲಿನಲ್ಲಿರಬೇಕಿತ್ತು. ಉತ್ತರ 0ರಿಂದ 255ರ ಒಳಗಿದ್ದರೆ ತಕ್ಷಣ ಅನುಮಾನಪಡು, ಅದು ಎತ್ತರವಲ್ಲ, ಬಣ್ಣ. ನೀನು ಕೇಳಿದ ಡಬ್ಲ್ಯೂಎಂಎಸ್ ಎಂಬ ನಕ್ಷೆ ಸೇವೆ ಇರುವುದು ಚಿತ್ರ ಕೊಡುವುದಕ್ಕೆ. ಗೆಟ್‌ಫೀಚರ್‌ಇನ್ಫೊ ಅಂತ ಒಂದು ಬಿಂದುವಿನ ಮೌಲ್ಯ ಕೇಳಿದಾಗ ಕೆಲವು ಸರ್ವರ್‌ಗಳು ಚೌಕ ಚೌಕವಾಗಿ ಎತ್ತರ ತುಂಬಿದ ಮೂಲ ರಾಸ್ಟರ್‌ನ ಮೌಲ್ಯ ಹೇಳುತ್ತವೆ, ಕೆಲವು ಹಸಿರು, ಕಂದು ಬಳಿದ ಚಿತ್ರದ ಬಣ್ಣದ ಸಂಖ್ಯೆಯನ್ನೇ ಎತ್ತಿ ಕೊಡುತ್ತವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಎತ್ತರ ಒಳಗೆ ಇದ್ದೇ ಇರುತ್ತದೆ, ಕೈಗೆ ಮಾತ್ರ ಬರುವುದಿಲ್ಲ.

ಇನ್ನೊಂದು ಕಡೆ ಮೈನಸ್ 32768. ಅದನ್ನು ನೋಡಿ ನೀನು "ಗಣಿಯ ಆಳ ಇರಬಹುದಾ ತಾತ" ಅಂದೆ. ನಗು ಬಂತು. ನಮ್ಮ ಗಣಿ ಆಳವೇ, ಸುಮಾರು 3.2 ಕಿಲೋಮೀಟರ್, ಅದರ ತಳ ಸಮುದ್ರ ಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ. ಆದರೆ ಆಕಾಶದಿಂದ ಅಳೆದ ರಾಸ್ಟರ್‌ಗೆ ಅದೇನೂ ಕಾಣದು. ಶಾಫ್ಟ್ ಬಾಯಿ ಅದಕ್ಕೆ ಒಂದು ಚೌಕದ ಸಣ್ಣ ಮೂಲೆ, ಅಷ್ಟೆ. ಒಂದು ಚೌಕಕ್ಕೆ ಒಂದೇ ಸಂಖ್ಯೆ, ಅದೂ ಮೇಲ್ಮೈಯದು. ಮೈನಸ್ 32768 ಅಂದರೆ "ಇಲ್ಲಿ ನನ್ನ ಹತ್ತಿರ ಮಾಹಿತಿ ಇಲ್ಲ" ಅಂತ.

ಯಾಕೆ ಇಲ್ಲ ಅಂತ ನಿನ್ನ ವಿನಂತಿಯ ಸಾಲು ನೋಡಿದೆ. ಡಬ್ಲ್ಯೂಎಂಎಸ್ 1.1.1ರಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. 1.3.0ರಲ್ಲಿ ಇಪಿಎಸ್‌ಜಿ 4326 ಎಂಬ ನಿರ್ದೇಶಾಂಕ ಪದ್ಧತಿ ಹಾಕಿದರೆ ಅಕ್ಷಾಂಶವೇ ಮೊದಲು. ನೀನು ಆವೃತ್ತಿ ಬದಲಿಸಿದೆ, ಸಂಖ್ಯೆಗಳ ಸರದಿ ಬದಲಿಸಲಿಲ್ಲ. ನಮ್ಮೂರು 12.96 ಉತ್ತರ, 78.27 ಪೂರ್ವ. ತಿರುಗಿಸಿದರೆ 78.27 ಉತ್ತರ, 12.96 ಪೂರ್ವ, ಅಂದರೆ ನಾರ್ವೆಗೆ ಸೇರಿದ ಸ್ಪಿಟ್ಸ್‌ಬರ್ಗನ್ ದ್ವೀಪದ ಪಶ್ಚಿಮ ದಂಡೆ. ಅದೂ ಗಣಿ ನಾಡೇ, ಕಲ್ಲಿದ್ದಲಿನದು. ಮಾರಿಕುಪ್ಪಂ ಗಾಡಿ ಹತ್ತಿದವಳು ಉತ್ತರ ಧ್ರುವದ ಬಾಗಿಲಲ್ಲಿ ಇಳಿದ ಹಾಗಾಯಿತು! ಎಸ್‌ಆರ್‌ಟಿಎಂ ಅನ್ನುವ, ನೀನು ಕೇಳಿದ ಷಟಲ್ ರಾಡಾರ್ ದತ್ತಾಂಶ ಇರುವುದು ಉತ್ತರಕ್ಕೆ 60 ಡಿಗ್ರಿಯವರೆಗೆ ಮಾತ್ರ. ಅಲ್ಲಿಂದಾಚೆ ಕೇಳಿದರೆ ಅದು ಪಾಪ ಏನು ಹೇಳಬೇಕು?

ಮೂರನೆಯದು ಮಾತ್ರ ಮೋಸದ್ದು, ಯಾಕೆಂದರೆ ಅದು ನಿಜದ ಹಾಗೇ ಕಾಣುತ್ತದೆ. ಎಂಟುನೂರರ ಆಸುಪಾಸು ಬಂತು. ನಾವು ಬಲ್ಲ ಎತ್ತರಕ್ಕಿಂತ ಎಂಬತ್ತೈದು, ತೊಂಬತ್ತು ಮೀಟರ್ ಕಡಿಮೆ. ಅದು ಇಸ್ರೋದ ಕಾರ್ಟೊಡೆಮ್. ಕಾರ್ಟೊಸ್ಯಾಟ್-1 ಉಪಗ್ರಹ 2005ರಲ್ಲಿ ಹಾರಿತು, ಅದರ ಜೋಡಿ ಚಿತ್ರಗಳಿಂದ ಮಾಡಿದ್ದು, ಒಳ್ಳೆಯ ದತ್ತಾಂಶವೇ. ಆದರೆ ಅದು ಎತ್ತರ ಎಣಿಸುವುದು ಸಮುದ್ರ ಮಟ್ಟದಿಂದಲ್ಲ, ಭೂಮಿಯನ್ನು ನುಣುಪಾದ ಅಂಡಾಕಾರ ಅಂದುಕೊಂಡ ಎಲಿಪ್ಸಾಯ್ಡ್‌ನಿಂದ. ದಕ್ಷಿಣ ಭಾರತದಲ್ಲಿ ಗುರುತ್ವ ಕಡಿಮೆಯಾಗಿ ಸಮುದ್ರ ಮಟ್ಟದ ಮೇಲ್ಮೈ ಆ ಅಂಡಾಕಾರಕ್ಕಿಂತ ಸುಮಾರು ಅಷ್ಟೇ ಮೀಟರ್ ಕೆಳಗೆ ಕುಸಿದಿದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಂತೂ ಅದು ನೂರು ಮೀಟರ್ ದಾಟುತ್ತದೆ, ಇಡೀ ಭೂಮಿಯಲ್ಲೇ ಅತಿ ತಗ್ಗು. ಎಸ್‌ಆರ್‌ಟಿಎಂ ಆದರೋ ಇಜಿಎಂ96 ಎಂಬ ಜಿಯಾಯ್ಡ್ ಮಾದರಿಯಿಂದ ಎಣಿಸುತ್ತದೆ, ನಮ್ಮ ರೈಲ್ವೆಯವರ ಸಮುದ್ರ ಮಟ್ಟಕ್ಕೆ ಹತ್ತಿರ. ಎರಡನ್ನೂ ಒಂದೇ ನಕ್ಷೆಯಲ್ಲಿ ಬೆರೆಸಿದರೆ ಮಳೆನೀರು ಗುಡ್ಡ ಹತ್ತುತ್ತದೆ.

ಇನ್ನೊಂದು ಕೆಟ್ಟ ಅಭ್ಯಾಸ ಕಂಡೆ. ಕೋಲಾರ ಜಿಲ್ಲೆಯನ್ನೆಲ್ಲ 256 ಪಿಕ್ಸೆಲ್ ಅಗಲದ ಚಿತ್ರದಲ್ಲಿ ತರಿಸಿ, ಅದರ ಒಂದು ಪಿಕ್ಸೆಲ್ ಮೇಲೆ ಕ್ಲಿಕ್ ಮಾಡುತ್ತೀಯ. ಆ ಒಂದು ಪಿಕ್ಸೆಲ್‌ನಲ್ಲಿ ಮೂವತ್ತು ಮೀಟರಿನ ನೂರು ಚೌಕ ಅಡಗಿರುತ್ತವೆ, ಸರ್ವರ್ ಅದರಲ್ಲಿ ಒಂದನ್ನು ಆರಿಸಿ ಹೇಳುತ್ತದೆ. ದಿಬ್ಬದ ತಲೆ ಕೇಳಿದರೆ ಬುಡ ಹೇಳೀತು. ಹಾಗೆ ಮಾಡಬೇಡ. ನಿನಗೆ ಬೇಕಾದ ಬಿಂದುವಿನ ಸುತ್ತ ಪುಟ್ಟ ಚೌಕ ಹಾಕು, 101ಕ್ಕೆ 101 ಪಿಕ್ಸೆಲ್ ಕೇಳು, ನಡುವಿನ 50,50 ಅನ್ನು ವಿಚಾರಿಸು. ಎಣಿಕೆ ಸೊನ್ನೆಯಿಂದ ಶುರು ಅನ್ನುವುದು ನಿನಗೇ ಗೊತ್ತು. ಇನ್ನು ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಹದಿನಾರು ಕಿಲೋಮೀಟರ್ ರೈಲುಹಾದಿಯ ಏರಿಳಿತ ಬೇಕು ಅಂದೆಯಲ್ಲ, ಅದಕ್ಕೆ ಐನೂರು ಸಲ ಬಾಗಿಲು ತಟ್ಟಬೇಡ. ಮೂಲ ಮೌಲ್ಯವನ್ನೇ ಕೊಡುವ ಡಬ್ಲ್ಯೂಸಿಎಸ್ ಸೇವೆ ಇದ್ದರೆ ಗೆಟ್‌ಕವರೇಜ್‌ನಲ್ಲಿ ಆ ಪಟ್ಟಿಯನ್ನೇ ಜಿಯೊಟಿಫ್ ಆಗಿ ಒಮ್ಮೆ ಇಳಿಸಿಕೋ, ಆಮೇಲೆ ಕ್ಯೂಜಿಐಎಸ್‌ನಲ್ಲಿ ಎಷ್ಟು ಬೇಕಾದರೂ ಕೇಳು.

ದಶಾಂಶ ನೋಡಿ ಮರುಳಾಗಬೇಡ. ಎಸ್‌ಆರ್‌ಟಿಎಂ ಮೂಲದಲ್ಲಿ ಇರುವುದು ಪೂರ್ಣ ಮೀಟರ್. 871.4 ಅಂತ ಬಂದರೆ ಆ "ಪಾಯಿಂಟ್ ನಾಲ್ಕು" ಅಕ್ಕಪಕ್ಕದ ಚೌಕಗಳನ್ನು ಬೆರೆಸಿ ಹುಟ್ಟಿದ್ದು. ಅಳೆದವರೇ ತಮ್ಮ ಗುರಿ ಹದಿನಾರು ಮೀಟರಿನೊಳಗಿನ ತಪ್ಪು ಅಂದಿದ್ದರು.

ಎಸ್‌ಆರ್‌ಟಿಎಂ ಅಳೆದ ದಿನವೂ ನೆನಪಿರಲಿ. ಎಂಡೆವರ್ ಷಟಲ್ ಹನ್ನೊಂದು ದಿನ ರಾಡಾರ್ ಹಿಡಿದು ಸುತ್ತಿದ್ದು 2000ದ ಫೆಬ್ರವರಿಯಲ್ಲಿ. ನಮ್ಮ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಂದರೆ ಆ ರಾಡಾರ್ ಹಾದು ಹೋದಾಗ ಗಣಿಯೊಳಕ್ಕೆ ಕೇಜ್ ಇನ್ನೂ ಇಳಿಯುತ್ತಿತ್ತು, ನಾನು ಸರ್ವೆಯವರ ಹಿಂದೆ ಎತ್ತರ ಅಳೆಯುವ ಕೋಲು, ಸ್ಟಾಫ್, ಹೊತ್ತು ನಡೆಯುತ್ತಿದ್ದೆ. ಈಗ ಹದಿಮೂರು ಸೈನೈಡ್ ದಿಬ್ಬಗಳಲ್ಲಿ ಚಿನ್ನ ತೆಗೆದುಳಿದ ಸುಮಾರು 3.3 ಕೋಟಿ ಟನ್ ಮಣ್ಣಿದೆ, ಅದರಲ್ಲಿ ಉಳಿದ ಚಿನ್ನ ತೆಗೆಯುವ ಮಾತು ನಡೆದಿದೆ. ನಾಳೆ ದಿಬ್ಬ ಕರಗಿದರೂ ಎಸ್‌ಆರ್‌ಟಿಎಂ ಹಳೆಯ ದಿಬ್ಬವನ್ನೇ ತೋರಿಸುತ್ತಿರುತ್ತದೆ. ಮಳೆಗಾಲದಲ್ಲಿ ದಿಬ್ಬದ ಬದಿಗಳು ಎಷ್ಟು ಕೊರೆದುಹೋಗುತ್ತವೆ ಅಂತ ನಾವೇ ಕಂಡಿದ್ದೇವೆ; ಆ ಕೊರೆತ ಅಳೆಯಲು ಎರಡು ತೇದಿಯ ದತ್ತಾಂಶ ಕಳೆದು ನೋಡುವಾಗ ಎರಡರ ಮೂಲಮಟ್ಟ ಒಂದೇ ಇರಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಸ್ಟಾಫನ್ನು ಅಲುಗುವ ಕಲ್ಲಿನ ಮೇಲಿಟ್ಟುಬಿಟ್ಟೆ. ಸಂಜೆ ಹೊರಟ ಬೆಂಚ್ ಮಾರ್ಕ್‌ಗೆ ವಾಪಸ್ ಬಂದಾಗ ಲೆಕ್ಕ ಅರ್ಧ ಅಡಿ ಕೂಡಲಿಲ್ಲ. ಮರುದಿನ ಎಲ್ಲರೂ ಮೊದಲಿಂದ ನಡೆದೆವು, ನನ್ನನ್ನು ಬೈಯುತ್ತಾ. ಅವತ್ತಿನಿಂದ ಗೊತ್ತಿರುವ ಬಿಂದುವಿನಿಂದ ಹೊರಟು ಅಲ್ಲಿಗೇ ಮರಳದೆ ನಾನು ಯಾವ ಸಂಖ್ಯೆಯನ್ನೂ ನಂಬಿಲ್ಲ.

ನಾಳೆ ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮ್ ತುದಿಯ ಊರಹೆಸರಿನ ಹಳದಿ ಹಲಗೆಯ ಹತ್ತಿರ ನಿಂತು, ಕೆಳಗೆ ಸಣ್ಣಕ್ಷರದಲ್ಲಿ ಬರೆದ ಎತ್ತರ ಬರೆದುಕೋ. ಗಾಡಿಯಲ್ಲಿ ಕೂತು ಅದೇ ಜಾಗವನ್ನು ನಿನ್ನ ಸರ್ವರ್‌ಗೆ ಕೇಳು. ಎರಡೂ ಹತ್ತು ಹದಿನೈದು ಮೀಟರಿನೊಳಗೆ ಹೊಂದಿದರೆ ಚಾಂಪಿಯನ್ ರೀಫ್‌ಗೆ ಹೋಗು. ಹೊಂದದಿದ್ದರೆ ಫೋನ್ ಮಾಡು, ಮಾರಿಕುಪ್ಪಂ ಹಲಗೆಯ ಸಂಖ್ಯೆ ನಾನು ನೋಡಿ ಹೇಳುತ್ತೇನೆ.